ದುಡಿಯುತ್ತಲೇ ಡಿಗ್ರಿ: ಇಂಗ್ಲೆಂಡಿನ ಲ್ಯಾಬ್‌ನಲ್ಲಿ ನನ್ನ ಅನುಭವ

ಇಂಗ್ಲೆಂಡಿನಲ್ಲಿ 'ಬಯೋಮೆಡಿಕಲ್ ಸೈಂಟಿಸ್ಟ್' (ಆಸ್ಪತ್ರೆ ಲ್ಯಾಬ್‌ನಲ್ಲಿ ರೋಗಿಗಳ ಸ್ಯಾಂಪಲ್ ಪರೀಕ್ಷಿಸುವವರು) ಅಂತ ಸುಮ್ನೆ ಹೇಳಿಕೊಳ್ಳುವ ಹಾಗಿಲ್ಲ. ಇಂಥ ವೃತ್ತಿಗಳನ್ನು ನಿಯಂತ್ರಿಸುವ ಎಚ್‌ಸಿಪಿಸಿ ಅನ್ನುವ ಮಂಡಳಿಯ ರಿಜಿಸ್ಟರ್‌ನಲ್ಲಿ ಹೆಸರಿರಬೇಕು. ಇಲ್ಲದೆ ಆ ಹೆಸರು ಬಳಸಿದರೆ ಅಪರಾಧ. ರಿಜಿಸ್ಟರ್‌ಗೆ ಸೇರಲು ಹೆಚ್ಚಿನವರು ಹಿಡಿಯುವ ದಾರಿ ಒಂದೇ. ಐಬಿಎಂಎಸ್, ಅಂದರೆ ಈ ವೃತ್ತಿಯವರ ಸಂಸ್ಥೆಯ ಮಾನ್ಯತೆ ಇರುವ ಡಿಗ್ರಿ ಮುಗಿಸಬೇಕು, ಆಮೇಲೆ ಯಾವುದಾದರೂ ಲ್ಯಾಬ್‌ನಲ್ಲಿ ತರಬೇತಿ ಪಡೆದು ಪೋರ್ಟ್‌ಫೋಲಿಯೊ, ಅಂದರೆ ಕಲಿತದ್ದಕ್ಕೆ ಪುರಾವೆಗಳ ಫೈಲ್ ತುಂಬಿಸಬೇಕು. ತೊಂದರೆ ಇರುವುದು ಇಲ್ಲೇ. ಡಿಗ್ರಿ ಮುಗಿಸಿದ ಎಷ್ಟೋ ಹುಡುಗರಿಗೆ ತರಬೇತಿಗೆ ಲ್ಯಾಬ್ ಸಿಗುವುದಿಲ್ಲ.

ನಾನು ಇದನ್ನು ತಿರುಗಾ ಮುರುಗಾ ಮಾಡಿದೆ. ಮೊದಲು ಲ್ಯಾಬ್, ಆಮೇಲೆ ಡಿಗ್ರಿ.

ದಾವಣಗೆರೆಯಲ್ಲಿ ಪಿಸಿಎಂಬಿ ತೆಗೆದುಕೊಂಡು ಪಿಯುಸಿ ಮುಗಿಸಿದ್ದೆ. ಮದುವೆಯಾಗಿ ಇಲ್ಲಿಗೆ ಬಂದೆ. ಮಿಡ್‌ಲ್ಯಾಂಡ್ಸ್‌ನ ಒಂದು ಆಸ್ಪತ್ರೆಯ ಪೆಥಾಲಜಿ ವಿಭಾಗದಲ್ಲಿ ಎಂಎಲ್ಎ, ಅಂದರೆ ಲ್ಯಾಬ್ ಅಸಿಸ್ಟೆಂಟ್ ಕೆಲಸ ಸಿಕ್ಕಿತು. ಸ್ಯಾಂಪಲ್ ರಿಸೆಪ್ಶನ್‌ನಲ್ಲಿ ಇಡೀ ದಿನ ಚೀಲ ಹರಿಯುವುದು, ಬಾರ್‌ಕೋಡ್ ಅಂಟಿಸುವುದು, ಟ್ಯೂಬ್‌ಗಳನ್ನು ಯಂತ್ರಕ್ಕೆ ಏರಿಸುವುದು. ಬೇಜಾರಿನ ಕೆಲಸ ಅನ್ನುವವರಿದ್ದಾರೆ. ಆದರೆ ನೇರಳೆ, ಹಳದಿ, ನೀಲಿ, ಬೂದು ಮುಚ್ಚಳ ಯಾವ ಪರೀಕ್ಷೆಗೆ, ಯಾಕೆ ಅನ್ನುವುದು ಕೈಗೆ ಹತ್ತಿದ್ದು ಅಲ್ಲೇ.

ನಮ್ಮ ಲ್ಯಾಬ್‌ನವರೇ ಒಂದು ದಿನ ಡಿಗ್ರಿ ಅಪ್ರೆಂಟಿಸ್‌ಶಿಪ್‌ಗೆ ಅರ್ಜಿ ಕರೆದರು. ಕೆಲಸ ಮಾಡುತ್ತಾ ಸಂಬಳ ತೆಗೆದುಕೊಂಡು ಓದುವುದು. ಆಗ ಇಲ್ಲಿ ಡಿಗ್ರಿ ಫೀಸು ವರ್ಷಕ್ಕೆ 9,250 ಪೌಂಡ್. ಅಪ್ರೆಂಟಿಸ್ ಅದರಲ್ಲಿ ಒಂದು ಪೆನ್ನಿಯನ್ನೂ ಕೊಡಬೇಕಿಲ್ಲ. 2017ರಿಂದ ದೊಡ್ಡ ಸಂಸ್ಥೆಗಳೆಲ್ಲ ಸಂಬಳದ ಬಿಲ್ಲಿನ ಮೇಲೆ 0.5 ಶೇಕಡಾ ಅಪ್ರೆಂಟಿಸ್‌ಶಿಪ್ ಲೆವಿ ಕಟ್ಟುತ್ತವೆ, ಫೀಸು ಹೋಗುವುದು ಆ ಹಣದಿಂದ. ಇಂಗ್ಲಿಷ್ ಮತ್ತು ಗಣಿತಕ್ಕೆ ಲೆವೆಲ್ 2, ಅಂದರೆ ಸುಮಾರು ನಮ್ಮ ಹತ್ತನೇ ತರಗತಿ ಮಟ್ಟದ ಸರ್ಟಿಫಿಕೇಟ್ ಬೇಕು ಅಂದರು. ಪಿಯುಸಿಯಲ್ಲಿ ಇಂಟಿಗ್ರೇಷನ್ ಮಾಡಿದವಳು ಕೂತು, ಒಂದು ಕೋಣೆಯ ಗೋಡೆಗೆ ಎಷ್ಟು ಡಬ್ಬಿ ಬಣ್ಣ ಬೇಕು ಅಂತ ಲೆಕ್ಕ ಹಾಕಿ ಪಾಸಾದೆ. ಇರಲಿ.

ವಾರದಲ್ಲಿ ಒಂದು ದಿನ ಯೂನಿವರ್ಸಿಟಿ, ಉಳಿದ ದಿನ ಲ್ಯಾಬ್. ಕೆಲಸದ ಹೊತ್ತಿನಲ್ಲೇ ವಾರಕ್ಕೆ ಕನಿಷ್ಠ 6 ಗಂಟೆ ಕಲಿಕೆಗೆ ಬಿಡಬೇಕು ಅನ್ನುವ ನಿಯಮವಿತ್ತು. ಕಾಗದದ ಮೇಲೆ ಚೆನ್ನಾಗಿದೆ ಅಲ್ವಾ? ಸಿಬ್ಬಂದಿ ಕಮ್ಮಿ ಇದ್ದ ದಿನ ಮೊದಲು ಹೋಗುತ್ತಿದ್ದದ್ದು ಆ ಗಂಟೆಗಳೇ. ಕೊನೆಗೆ ನಾನೇ ರೋಟಾ (ಡ್ಯೂಟಿ ಪಟ್ಟಿ) ಬರೆಯುವವರ ಹತ್ತಿರ ಹೋಗಿ, ನನ್ನ ಓದಿನ ಗಂಟೆಗಳನ್ನು ಬೇರೆ ಬಣ್ಣದಲ್ಲಿ ಗುರುತು ಮಾಡಿಸಿದೆ. ಕಣ್ಣಿಗೆ ಬಿದ್ದರೆ ಅಳಿಸಲು ಸ್ವಲ್ಪ ನಾಚಿಕೆಯಾಗುತ್ತದೆ.

ಪಾಠ ಮತ್ತು ಕೆಲಸ ಹೇಗೆ ಕೂಡಿಕೊಳ್ಳುತ್ತವೆ ಅನ್ನುವುದಕ್ಕೆ ಒಂದು ಸ್ಯಾಂಪಲ್ ಕಥೆ ಹೇಳುತ್ತೇನೆ. ಬಯೋಕೆಮಿಸ್ಟ್ರಿಯಲ್ಲಿದ್ದಾಗ ಒಬ್ಬರ ಪೊಟ್ಯಾಸಿಯಂ 9 ದಾಟಿ ಬಂತು. ಸಾಮಾನ್ಯವಾಗಿ ಇರಬೇಕಾದದ್ದು ಹೆಚ್ಚೂ ಕಮ್ಮಿ 3.5ರಿಂದ 5.3. ನಿಜವಾಗಿ 9 ಇದ್ದರೆ ಹೃದಯ ಯಾವ ಕ್ಷಣದಲ್ಲಾದರೂ ನಿಲ್ಲಬಹುದು. ಕೂಡಲೇ ವಾರ್ಡ್‌ಗೆ ಫೋನ್ ಮಾಡಬೇಕಾದ ಸಂಖ್ಯೆ. ನನಗೆ ಕಲಿಸುತ್ತಿದ್ದ ಸೀನಿಯರ್ ಪಕ್ಕದಲ್ಲೇ ಇದ್ದರು. ಫೋನಿನ ಕಡೆ ನೋಡಲೇ ಇಲ್ಲ. "ಕ್ಯಾಲ್ಸಿಯಂ ಎಷ್ಟಿದೆ ನೋಡು" ಅಂದರು. ಅದು 1ಕ್ಕಿಂತ ಕೆಳಗಿತ್ತು. ಇರಬೇಕಾದದ್ದು 2.2ರ ಮೇಲೆ. ಎಎಲ್‌ಪಿ ಅನ್ನುವ ಕಿಣ್ವವೂ ನೆಲ ಕಚ್ಚಿತ್ತು.

ರಕ್ತ ತೆಗೆದವರು ನೇರಳೆ ಟ್ಯೂಬ್‌ನ ರಕ್ತವನ್ನು ಬಯೋಕೆಮಿಸ್ಟ್ರಿಯ ಹಳದಿ ಟ್ಯೂಬ್‌ಗೆ ಸುರಿದಿದ್ದರು ಅನ್ನುವುದು ಆ ಮೂರು ಸಂಖ್ಯೆಯಲ್ಲೇ ಗೊತ್ತಾಗುತ್ತದೆ. ನೇರಳೆ ಟ್ಯೂಬ್‌ನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಪೊಟ್ಯಾಸಿಯಂ ಇಡಿಟಿಎ ಇರುತ್ತದೆ. ಪೊಟ್ಯಾಸಿಯಂ ಅದರಿಂದಲೇ ಬರುತ್ತದೆ. ಇಡಿಟಿಎ ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡುಬಿಡುತ್ತದೆ. ಎಎಲ್‌ಪಿ ಕಿಣ್ವಕ್ಕೆ ಬೇಕಾದ ಸತು, ಮೆಗ್ನೀಸಿಯಂ ಅನ್ನೂ ಬಿಡುವುದಿಲ್ಲ. ಫಲಿತಾಂಶ ತಡೆದೆವು, ಹೊಸ ಸ್ಯಾಂಪಲ್ ಕೇಳಿದೆವು. ಪೊಟ್ಯಾಸಿಯಂ ಮಾಮೂಲಾಗಿತ್ತು.

ಹೀಗೆ ಲೋಹವನ್ನು ಹಿಡಿದುಕೊಳ್ಳುವುದಕ್ಕೆ ಕೀಲೇಷನ್ ಅನ್ನುತ್ತಾರೆ, ಆ ಪಾಠ ಆ ವಾರವೇ ಕ್ಲಾಸಿನಲ್ಲಿ ಬಂತು. ಪಕ್ಕದ ಹುಡುಗ ಆಕಳಿಸುತ್ತಿದ್ದ, ನನಗೆ ನಿದ್ದೆ ಬರಲಿಲ್ಲ. ಕೆಲಸದ ತಿರುಳು ಇಲ್ಲೇ ಇದೆ ಅನ್ನುವುದು ನನ್ನ ಅಭಿಪ್ರಾಯ. ಸಂಖ್ಯೆಯನ್ನು ಯಂತ್ರ ಕೊಡುತ್ತದೆ. ಆ ಸಂಖ್ಯೆ ಈ ರೋಗಿಯದೇ ಹೌದೋ ಅಲ್ಲವೋ ಅಂತ ತೀರ್ಮಾನ ಮಾಡುವುದಕ್ಕೆ ನಮಗೆ ಸಂಬಳ. ಚಳಿಗಾಲದಲ್ಲಿ ಜಿಪಿ (ಕುಟುಂಬ ವೈದ್ಯರ) ಕ್ಲಿನಿಕ್‌ಗಳಿಂದ ವ್ಯಾನಿನಲ್ಲಿ ಬರುವ ಸ್ಯಾಂಪಲ್‌ಗಳಲ್ಲಿ ಪೊಟ್ಯಾಸಿಯಂ ಸ್ವಲ್ಪ ಏರಿರುತ್ತದೆ. ಚಳಿಗೆ ಜೀವಕೋಶದ ಪಂಪು ನಿಧಾನವಾಗಿ ಒಳಗಿನದು ಹೊರಗೆ ಸೋರುತ್ತದೆ. ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್ 40 ಅಂತ ತೀರಾ ಕಮ್ಮಿ ಬಂದರೆ ಸ್ಲೈಡ್ ಮಾಡಿ ನೋಡಬೇಕು. ಕೆಲವರ ಪ್ಲೇಟ್‌ಲೆಟ್‌ಗಳು ಇಡಿಟಿಎಯಲ್ಲಿ ಗುಂಪುಕಟ್ಟಿಕೊಳ್ಳುತ್ತವೆ, ಯಂತ್ರ ಒಂದು ಗುಂಪನ್ನು ಪ್ಲೇಟ್‌ಲೆಟ್ ಅಂತ ಎಣಿಸುವುದೇ ಇಲ್ಲ. ನೀಲಿ ಸಿಟ್ರೇಟ್ ಟ್ಯೂಬ್‌ನಲ್ಲಿ ಮತ್ತೆ ತರಿಸಿದರೆ ಎಷ್ಟೋ ಸಲ ಸರಿಯಾಗಿರುತ್ತದೆ.

ಬ್ಲಡ್ ಬ್ಯಾಂಕ್ ಮಾತ್ರ ಬೇರೆಯೇ ಲೋಕ. ಅಲ್ಲಿ ಟ್ಯೂಬ್ ಮೇಲೆ ಹೆಸರನ್ನು ರೋಗಿಯ ಪಕ್ಕದಲ್ಲೇ ನಿಂತು ಕೈಯಲ್ಲಿ ಬರೆಯಬೇಕು. ಫಾರಂಗೂ ಟ್ಯೂಬ್‌ಗೂ ಒಂದಕ್ಷರ ವ್ಯತ್ಯಾಸ ಇದ್ದರೆ ಸ್ಯಾಂಪಲ್ ಕಸದ ಬುಟ್ಟಿಗೆ. ಒಂದು ಸಲ ನಮ್ಮ ಕಡೆಯ ಹೆಸರೇ ಬಂತು, ಲಕ್ಷ್ಮಿ. ಫಾರಂನಲ್ಲಿ 'ಕೆಎಸ್ಎಚ್', ಟ್ಯೂಬ್‌ನಲ್ಲಿ 'ಎಕ್ಸ್'. ಎರಡೂ ಒಂದೇ ಹೆಸರು ಅಂತ ಆ ಕೋಣೆಯಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆದರೂ ತಿರಸ್ಕರಿಸಿದೆ. ನರ್ಸ್ ಫೋನಿನಲ್ಲಿ ಚೆನ್ನಾಗಿ ಬೈದರು. ಆದರೆ ಅದೇ ವಾರ್ಡ್‌ನಲ್ಲಿ ಇನ್ನೊಬ್ಬ ಲಕ್ಷ್ಮಿ ಇಲ್ಲ ಅಂತ ಲ್ಯಾಬ್‌ನಲ್ಲಿ ಕೂತವಳಿಗೆ ಹೇಗೆ ಗೊತ್ತು? ತಪ್ಪು ಗುಂಪಿನ ರಕ್ತ ಹೋದರೆ ಜೀವವೇ ಹೋಗಬಹುದು. ಇಂಥ ಅನಾಹುತಗಳನ್ನು ದಾಖಲಿಸಲೆಂದೇ ಇಲ್ಲಿ 1996ರಿಂದ 'ಶಾಟ್' ಅನ್ನುವ ವ್ಯವಸ್ಥೆ ಇದೆ.

ಇನ್ನು ಪೋರ್ಟ್‌ಫೋಲಿಯೊ. ಪರೀಕ್ಷೆಗಳಿಗಿಂತ ಜಾಸ್ತಿ ಸುಸ್ತು ಮಾಡಿದ್ದು ಇದೇ. ಎಚ್‌ಸಿಪಿಸಿಯ ಒಂದೊಂದು ಮಾನದಂಡಕ್ಕೂ ಪುರಾವೆ ಇಡಬೇಕು. ಕ್ಯೂಸಿ ಚಾರ್ಟ್ (ಯಂತ್ರ ಸರಿಯಾಗಿ ಅಳೆಯುತ್ತಿದೆಯೇ ಅಂತ ತೋರಿಸುವ ಗುಣಮಟ್ಟದ ನಕ್ಷೆ) ಸುಮ್ನೆ ಪ್ರಿಂಟ್ ಹಾಕಿ ಸೇರಿಸಿದರೆ ಸಾಲದು. ಯಾವ ನಿಯಮ ಮುರಿಯಿತು, ನೀನು ಏನು ಮಾಡಿದೆ, ಯಾಕೆ ಮಾಡಿದೆ ಅಂತ ಬರೆಯಬೇಕು. ರೋಗಿಯ ಹೆಸರು, ನಂಬರ್ ಎಲ್ಲ ಮುಚ್ಚಬೇಕು. ನಾನು ಘಟನೆ ನಡೆದ ದಿನವೇ ನಾಲ್ಕು ಸಾಲು ಗೀಚಿ ಇಡುತ್ತಿದ್ದೆ. ಕೊನೇ ವರ್ಷಕ್ಕೆ ಅಂತ ಬಿಟ್ಟವರ ಪಾಡು ಕಣ್ಣಾರೆ ನೋಡಿದ್ದೇನೆ. ಕೊನೆಯಲ್ಲಿ ಐಬಿಎಂಎಸ್‌ನಿಂದ ಹೊರಗಿನ ಪರಿಶೀಲಕರು ಬಂದು ಫೈಲ್ ನೋಡುತ್ತಾರೆ, ಆಮೇಲೆ ಲ್ಯಾಬ್ ತೋರಿಸು ಅನ್ನುತ್ತಾರೆ. ನಡೆಯುತ್ತಾ ಪ್ರಶ್ನೆ ಕೇಳುತ್ತಾರೆ. ನನ್ನನ್ನು ಜಾಸ್ತಿ ಹೊತ್ತು ನಿಲ್ಲಿಸಿದ್ದು ರಕ್ತದ ಫ್ರಿಜ್ ಮುಂದೆ. 2ರಿಂದ 6 ಡಿಗ್ರಿ ದಾಟಿ ಅಲಾರಂ ಹೊಡೆದರೆ ಮೊದಲು ಏನು ಮಾಡುತ್ತೀಯಾ ಅಂದರು. ಅದನ್ನು ನೈಟ್ ಡ್ಯೂಟಿಯಲ್ಲಿ ಕಣ್ಣಾರೆ ನೋಡಿದ್ದೆ, ಹೇಳಿದೆ.

ಈ ದಾರಿಗೆ ಬರುವ ಯೋಚನೆ ಇದ್ದರೆ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಜಾಬ್ಸ್ ಜಾಲತಾಣದಲ್ಲಿ ಎಂಎಲ್ಎ ಕೆಲಸಗಳನ್ನೂ ನೋಡಿ, ಬರೀ ಅಪ್ರೆಂಟಿಸ್ ಜಾಹೀರಾತಿಗೆ ಕಾಯಬೇಡಿ. ಕರ್ನಾಟಕದಲ್ಲಿ ಬಿಎಸ್ಸಿ ಎಂಎಲ್‌ಟಿ ಮಾಡಿ ಕೆಲಸ ಮಾಡಿದವರು ಮತ್ತೆ ಮೊದಲಿನಿಂದ ಓದಬೇಕು ಅಂತೇನಿಲ್ಲ. ಎಚ್‌ಸಿಪಿಸಿಗೆ ವಿದೇಶಿ ಅರ್ಜಿದಾರರ ದಾರಿ ಬೇರೆ ಇದೆ, ಅದನ್ನು ಮೊದಲು ನೋಡಿ. ಸಂದರ್ಶನದಲ್ಲಿ ಎರಡು ಪ್ರಶ್ನೆ ತಪ್ಪದೆ ಕೇಳಿ: ಡಿಗ್ರಿ ಮುಗಿದಾಗ ರಿಜಿಸ್ಟರ್‌ಗೆ ಸೇರುವ ಅರ್ಹತೆ ಬರುತ್ತದೆಯೋ, ಪೋರ್ಟ್‌ಫೋಲಿಯೊ ಅದರೊಳಗೇ ಇದೆಯೋ. ಇದಕ್ಕೆ ಸರಿಯಾಗಿ ಉತ್ತರ ಕೊಡದ ಕಡೆ ಸಹಿ ಹಾಕಬೇಡಿ.