ಹಾರಾಟ ಕಲಿಯಲು ವಿದೇಶಕ್ಕೆ ಹೊರಡುವ ಮುನ್ನ: ವಿಮೆ ಮತ್ತು ಸಲಕರಣೆ

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪಲಿನ ಕಡೆಯಿಂದ ಪೈಲಟ್ ತರಬೇತಿಗೆಂದು ಅಮೆರಿಕಕ್ಕೋ ಆಸ್ಟ್ರೇಲಿಯಾಕ್ಕೋ ಹೊರಟ ಹಲವು ಮಕ್ಕಳ ಸಿದ್ಧತೆಯನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಕಾಫಿ ತೋಟವನ್ನು ಅಡವಿಡುವ ಮೊದಲು ನಾಲ್ಕು ಜನರ ಸಲಹೆ ಕೇಳುವ ಹಿರಿಯರೇ, ವಿಮೆಯ ವಿಷಯ ಬಂದಾಗ ಮಾತ್ರ ಸಂತೆಯ ಹೊತ್ತಿಗೆ ಮೂರು ಮೊಳ ನೇಯ್ದಂತೆ ಹೊರಡುವ ಹಿಂದಿನ ವಾರ ಏಜೆಂಟರು ತೋರಿಸಿದಲ್ಲಿ ಸಹಿ ಹಾಕಿಬಿಡುತ್ತಾರೆ.

ಮೊದಲ ಹೆಜ್ಜೆ ಸರಳವಾದುದು. ಶಾಲೆಗೆ ಒಂದು ರೂಪಾಯಿ ಕಟ್ಟುವ ಮುನ್ನವೇ ಭಾರತದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎಯ ಕ್ಲಾಸ್ 2, ಅನಂತರ ಕ್ಲಾಸ್ 1 ವೈದ್ಯಕೀಯ ಪರೀಕ್ಷೆಗಳನ್ನು ಮುಗಿಸಿ, ಅದರಲ್ಲಿ ಕಂಡುಬಂದುದೆಲ್ಲವನ್ನೂ ವಿಮೆಯ ಅರ್ಜಿಯಲ್ಲಿ ಮುಚ್ಚಿಡದೆ ಬರೆಯಿರಿ.

ಎರಡನೆಯ ಹೆಜ್ಜೆಗೆ ಒಂದು ಇಡೀ ದಿನವನ್ನು ಮೀಸಲಿಡಬೇಕು. ವಿದೇಶದಲ್ಲಿ ಓದುವವರಿಗಾಗಿ ಮಾರುವ ವಿಮಾ ಪಾಲಿಸಿಗಳಲ್ಲಿ ಪರಿಹಾರ ಸಿಗದ ಸಂದರ್ಭಗಳ ಪಟ್ಟಿಯೊಂದು ಇರುತ್ತದೆ. ನಿಗದಿತ ಸೇವೆಯ ವಿಮಾನದಲ್ಲಿ ಟಿಕೆಟ್ ಕೊಂಡು ಪ್ರಯಾಣಿಸುವುದನ್ನು ಬಿಟ್ಟು ಬೇರೆ ಯಾವುದೇ ಹಾರಾಟದಲ್ಲಿ ಆದ ಗಾಯಕ್ಕಾಗಲಿ ಸಾವಿಗಾಗಲಿ ಪರಿಹಾರವಿಲ್ಲ ಎಂಬ ಸಾಲು ಬಹುಪಾಲು ಪಾಲಿಸಿಗಳ ಆ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಅಂದರೆ ಹುಡುಗನಿಗೆ ಜ್ವರ ಬಂದರೆ ಹಣ ಸಿಗುತ್ತದೆ, ಅಡುಗೆಮನೆಯಲ್ಲಿ ಜಾರಿ ಬಿದ್ದರೂ ಸಿಗುತ್ತದೆ, ಆದರೆ ಯಾವ ಕೆಲಸಕ್ಕಾಗಿ ಅವನು ಸಾಗರ ದಾಟಿದನೋ ಆ ಕೆಲಸದಲ್ಲೇ, ಸೆಸ್ನಾ 172 ಎಂಬ ಪುಟ್ಟ ತರಬೇತಿ ವಿಮಾನದ ಒರಟು ಲ್ಯಾಂಡಿಂಗಿನಲ್ಲಿ, ಬೆನ್ನುಮೂಳೆಗೆ ಪೆಟ್ಟಾದರೆ ಆಸ್ಪತ್ರೆಯ ಬಿಲ್ಲು ಪೂರ್ತಿಯಾಗಿ ಮನೆಯವರ ತಲೆಯ ಮೇಲೆ ಬೀಳುತ್ತದೆ.

ಆದ್ದರಿಂದ ಬಣ್ಣದ ಕರಪತ್ರವನ್ನು ಬದಿಗಿಟ್ಟು ಪಾಲಿಸಿಯ ಪೂರ್ಣ ಷರತ್ತುಗಳ ಪಿಡಿಎಫ್ ತರಿಸಿಕೊಳ್ಳಿ. ಅದರಲ್ಲಿ ಏವಿಯೇಷನ್, ಫ್ಲೈಯಿಂಗ್, ಪೈಲಟ್, ಹಜಾರ್ಡಸ್ ಎಂಬ ಪದಗಳು ಎಲ್ಲೆಲ್ಲಿ ಬಂದಿವೆಯೋ ಅಲ್ಲೆಲ್ಲ ಗುರುತು ಹಾಕಿ. ಬಳಿಕ ಏಜೆಂಟರಿಗಲ್ಲ, ನೇರವಾಗಿ ಕಂಪನಿಗೆ ಇಮೇಲ್ ಬರೆದು ಮೂರು ಪ್ರಶ್ನೆ ಕೇಳಿ: ಶಿಕ್ಷಕರೊಂದಿಗಿನ ತರಬೇತಿ ಹಾರಾಟದಲ್ಲಿ ಆದ ಗಾಯಕ್ಕೆ ಚಿಕಿತ್ಸಾ ವೆಚ್ಚ ಸಿಗುತ್ತದೆಯೇ, ಒಂಟಿ ಹಾರಾಟಕ್ಕೂ ಅದು ಅನ್ವಯಿಸುತ್ತದೆಯೇ, ಗಾಯಾಳುವನ್ನು ಊರಿಗೆ ಕರೆತರುವ ಖರ್ಚು ಅದರಲ್ಲಿ ಸೇರಿದೆಯೇ? ‘ಎಲ್ಲ ಕವರ್ ಆಗುತ್ತೆ ಸರ್’ ಎಂಬ ಬಾಯಿಮಾತು ಕ್ಲೇಮಿನ ದಿನ ನೆರವಿಗೆ ಬರುವುದಿಲ್ಲ. ಲಿಖಿತ ಉತ್ತರ ಬರುವವರೆಗೆ ಕಂತು ಕಟ್ಟಬೇಡಿ. ಮಗನ ಹೆಸರಿನಲ್ಲಿ ಈಗಾಗಲೇ ಇರುವ ಜೀವವಿಮೆಗೆ ಸೇರಿಸಿಕೊಂಡ ಹೆಚ್ಚುವರಿ ಅಪಘಾತ ರಕ್ಷಣೆಯನ್ನೂ (ರೈಡರ್) ಬ್ಯಾಂಕು ಸಾಲದ ಜೊತೆ ಮಾಡಿಸಿದ ವಿಮೆಯನ್ನೂ ಇದೇ ಮೂರು ಪ್ರಶ್ನೆಗಳಿಂದ ಪರೀಕ್ಷಿಸಿ, ಏಕೆಂದರೆ ಅಂಥ ರೈಡರುಗಳಲ್ಲೂ ಇದೇ ನಿರ್ಬಂಧ ಸಾಮಾನ್ಯ.

ಆಸ್ಟ್ರೇಲಿಯಾದ ವಿದ್ಯಾರ್ಥಿ ವೀಸಾಕ್ಕೆ ಓಎಸ್‌ಎಚ್‌ಸಿ ಎಂಬ ಆರೋಗ್ಯ ವಿಮೆ ಕಡ್ಡಾಯ. ಅಮೆರಿಕದಲ್ಲಿ ವೃತ್ತಿ ತರಬೇತಿ ಪಡೆಯುವವರಿಗೆ ಕೊಡುವ ಎಂ-1 ವೀಸಾಕ್ಕೆ ಸರ್ಕಾರ ಅಂಥ ವಿಮೆಯನ್ನು ಕೇಳುವುದಿಲ್ಲ, ಹಾಗೆಂದು ವಿಮೆಯಿಲ್ಲದೆ ಅಲ್ಲಿಗೆ ಹೋಗುವುದನ್ನು ನಾನು ಯಾರಿಗೂ ಹೇಳಲಾರೆ.

ಮೂರನೆಯದು ವಿಮಾನದ ವಿಮೆ. ಶಾಲೆಯ ವಿಮಾನಕ್ಕೆ ಶಾಲೆಯೇ ವಿಮೆ ಮಾಡಿಸಿರುತ್ತದೆ ಎಂಬುದು ನಿಜ, ಆದರೆ ಹಾನಿಯಾದಾಗ ವಿಮಾ ಕಂಪನಿ ಭರಿಸದೆ ಉಳಿಯುವ ಡಿಡಕ್ಟಿಬಲ್ ಮೊತ್ತವನ್ನು ವಿದ್ಯಾರ್ಥಿಯಿಂದ ವಸೂಲಿ ಮಾಡುವ ಷರತ್ತು ಬಾಡಿಗೆ ಕರಾರಿನಲ್ಲಿ ಇರಬಹುದು. ನನ್ನ ಅಣ್ಣನ ಮಗ ವಿಮಾನವನ್ನು ನೆಲದ ಮೇಲೆ ಓಡಿಸಿಕೊಂಡು ಹೋಗುವಾಗ ರೆಕ್ಕೆಯ ತುದಿಯನ್ನು ಹ್ಯಾಂಗರಿನ ಬಾಗಿಲಿಗೆ ತಾಗಿಸಿದ್ದಕ್ಕೆ ಆ ವರ್ಷದ ಕಾಳುಮೆಣಸಿನ ಅರ್ಧ ಹಣ ಅಲ್ಲಿಗೆ ಹೋಯಿತು. ಅಮೆರಿಕಕ್ಕೆ ಹೋಗುವವರು ತಲುಪಿದ ಮೊದಲ ವಾರದಲ್ಲೇ ಬಾಡಿಗೆ ವಿಮಾನ ಹಾರಿಸುವವರಿಗಾಗಿ ಇರುವ ರೆಂಟರ್ಸ್ ಇನ್ಶೂರೆನ್ಸ್ ಮಾಡಿಸಬೇಕು; ಮಾಡಿಸುವಾಗ ಮೂರನೆಯವರಿಗಾದ ನಷ್ಟದ ಹೊಣೆ ಮಾತ್ರವಲ್ಲದೆ ವಿಮಾನಕ್ಕಾದ ಹಾನಿಯೂ ಸೇರಿದೆ ಎಂದು ನೋಡಿಕೊಳ್ಳಬೇಕು. ಕಂತು ಉಳಿಸಲು ಎರಡನೆಯದನ್ನು ಕೈಬಿಡುವುದೇ ಎಲ್ಲರೂ ಮಾಡುವ ತಪ್ಪು.

ಇನ್ನು ಸಲಕರಣೆ. ಹೆಡ್‌ಸೆಟ್ಟನ್ನು ಇಲ್ಲಿಂದ ಕೊಂಡು ಹೋಗಬೇಡಿ. ಕಕ್ಕಡ ಮಾಸದ ಮಳೆಯಲ್ಲಿ ಅಲಮಾರಿನೊಳಗಿನ ಚರ್ಮದ ಬೆಲ್ಟಿಗೇ ಬೂಸ್ಟು ಹಿಡಿಯುವ ನಮ್ಮ ಮನೆಗಳಲ್ಲಿ ಆರು ತಿಂಗಳು ಮೊದಲೇ ತಂದಿಟ್ಟ ಹೆಡ್‌ಸೆಟ್ಟಿನ ಕಿವಿಮೆತ್ತೆಯ ಸ್ಥಿತಿಯನ್ನು ನಾನು ಕಣ್ಣಾರೆ ನೋಡಿದ್ದೇನೆ: ಹೊಲಿಗೆಯುದ್ದಕ್ಕೂ ಬೂದು ಬಣ್ಣದ ಪುಡಿ, ಒರೆಸಿದರೂ ಹೋಗದ ಮುಗ್ಗಲು ವಾಸನೆ. ಅಲ್ಲಿ ತಲುಪಿದ ಮೇಲೆ ಹಿಂದಿರುಗಿಸಲು ಅವಕಾಶವಿರುವ ಅಂಗಡಿಯಲ್ಲಿ ಅರ್ಧ ಗಂಟೆ ಧರಿಸಿ ನೋಡಿಯೇ ಕೊಳ್ಳಿ. ಬ್ಯಾಟರಿಯಿಂದ ಸದ್ದಡಗಿಸುವ ಬೋಸ್ ಕಂಪನಿಯದು ಉತ್ತಮವಾದುದೇ, ಆದರೆ ಕಲಿಯುವವನಿಗೆ ಡೇವಿಡ್ ಕ್ಲಾರ್ಕ್ ಕಂಪನಿಯ ಎಚ್10-13.4 ಮಾದರಿ ಧಾರಾಳವಾಗಿ ಸಾಕು. ಹೆಸರಿಲ್ಲದ ಅಗ್ಗದ ನಕಲುಗಳಲ್ಲಿ ಮೈಕಿನ ಕಂಬಿ ನಿಲ್ಲಿಸಿದಲ್ಲಿ ನಿಲ್ಲದೆ ಗದ್ದಕ್ಕೆ ಇಳಿಯುತ್ತದೆ, ಆಗ ವಿಮಾನ ನಿಲ್ದಾಣದ ನಿಯಂತ್ರಣ ಟವರಿಗೆ ನಿಮ್ಮ ಮಾತು ಕೇಳಿಸುವುದಿಲ್ಲ. ವಿಮಾನಕ್ಕೆ ಎರಡು ಪ್ಲಗ್ಗಿನದು ಬೇಕು, ಒಂದೇ ಪ್ಲಗ್ಗಿನ ಯು-174 ಹೆಲಿಕಾಪ್ಟರಿನದು. ಕನ್ನಡಕ ಹಾಕುವವರು ತೆಳು ತಂತಿಯ ಫ್ರೇಮನ್ನೇ ಆರಿಸಿಕೊಳ್ಳಲಿ, ಏಕೆಂದರೆ ದಪ್ಪ ಕಡ್ಡಿ ಕಿವಿಮೆತ್ತೆಯನ್ನು ಎತ್ತಿ ಹಿಡಿದು ಎಂಜಿನ್ನಿನ ಸದ್ದನ್ನು ಒಳಬಿಡುತ್ತದೆ. ಕನ್ನಡಕವನ್ನು ಊರಿನಲ್ಲೇ ಎರಡು ಜೊತೆ ಮಾಡಿಸಿ. ಬಿಸಿಲುಕನ್ನಡಕ ಪೋಲರೈಸ್ಡ್ ಆಗಿರಕೂಡದು, ಕಾಕ್‌ಪಿಟ್ಟಿನ ಪರದೆಗಳು ಅದರ ಮೂಲಕ ಕಪ್ಪಾಗಿ ಕಾಣಬಹುದು. ಐಪ್ಯಾಡ್ ಕೊಳ್ಳುವುದಾದರೆ ಸೆಲ್ಯುಲಾರ್ ಮಾದರಿಯನ್ನೇ ಕೊಳ್ಳಿ. ವೈಫೈ ಮಾತ್ರ ಇರುವುದರಲ್ಲಿ ಜಿಪಿಎಸ್ ಇರುವುದಿಲ್ಲ. ಹಾರಾಟದ ಲೆಕ್ಕ ಹಾಕುವ ಇ6ಬಿ, ನಕ್ಷೆಯ ಮೇಲೆ ದಿಕ್ಕು ದೂರ ಅಳೆಯುವ ಪ್ಲಾಟರ್, ತೊಡೆಗೆ ಕಟ್ಟಿಕೊಂಡು ಬರೆಯುವ ನೀಬೋರ್ಡ್, ನಕ್ಷೆ ಎಲ್ಲವನ್ನೂ ಶಾಲೆ ಹೇಳಿದ ಮೇಲೆ ಅಲ್ಲೇ ಕೊಳ್ಳಬಹುದು.

ಪವರ್‌ಬ್ಯಾಂಕು ಕೈಚೀಲದಲ್ಲೇ ಇರಬೇಕು. ಅಜ್ಜಿ ಪ್ರೀತಿಯಿಂದ ಕಟ್ಟಿಕೊಟ್ಟ, ಅಡುಗೆಗೆ ಬಳಸುವ ನಮ್ಮ ಹುಳಿರಸ ಕಾಚಂಪುಳಿಯ ಬಾಟಲಿಯನ್ನು ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ, ಲಾಗ್‌ಬುಕ್ಕು ಮತ್ತು ಪ್ರಮಾಣಪತ್ರಗಳಿಲ್ಲದ ಪೆಟ್ಟಿಗೆಯಲ್ಲಿಡಿ.

ಕೊನೆಯದಾಗಿ, ಪಾಲಿಸಿಯ ಮೊದಲ ಪುಟ, ಕಂಪನಿಯ ತುರ್ತು ಸಹಾಯದ ಸಂಖ್ಯೆ, ಶಾಲೆಯ ಸಂಖ್ಯೆ, ಪಾಸ್‌ಪೋರ್ಟಿನ ಪ್ರತಿ, ಈ ನಾಲ್ಕನ್ನೂ ಕಾಗದದ ಮೇಲೆ ಅಚ್ಚು ಹಾಕಿಸಿ ಮನೆಯಲ್ಲಿಡಿ. ಮಳೆಗಾಲದಲ್ಲಿ ಮರ ಬಿದ್ದು ಮೂರು ದಿನ ಕರೆಂಟೂ ನೆಟ್‌ವರ್ಕೂ ಇಲ್ಲದ ಊರು ನಮ್ಮದು. ಇನ್ನೊಂದು ಪ್ರತಿ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ನಂಟರ ಬಳಿ ಇರಲಿ, ತುರ್ತು ಸಂಪರ್ಕದ ಎರಡನೆಯ ಹೆಸರಾಗಿ ಅವರ ಹೆಸರನ್ನೇ ಶಾಲೆಯಲ್ಲಿ ಬರೆಸಿ.