ವಿಂಡೋಸನ್ನು ಇದ್ದ ಹಾಗೇ ದೊಡ್ಡ ಡಿಸ್ಕ್‌ಗೆ ಸಾಗಿಸುವುದು

ಸಿ ಡ್ರೈವ್‌ನ ನೀಲಿ ಪಟ್ಟಿ ಕೆಂಪಾದ ಮೇಲೆ ಹಲವರಿಗೆ ಮೊದಲು ಹೊಳೆಯುವ ಉಪಾಯ, ಹೊಸ ಡಿಸ್ಕ್ ಜೋಡಿಸಿ ಸಿ ಡ್ರೈವ್‌ನಲ್ಲಿರುವುದನ್ನೆಲ್ಲ ಕಾಪಿ-ಪೇಸ್ಟ್ ಮಾಡಿಬಿಡುವುದು. ಫೈಲುಗಳೇನೋ ಬರುತ್ತವೆ, ಆದರೆ ಆ ಡಿಸ್ಕ್‌ನಿಂದ ಕಂಪ್ಯೂಟರ್ ಬೂಟ್ ಆಗುವುದಿಲ್ಲ. ಬೂಟ್ ಶುರುವಾಗುವುದು ಸಿ ಡ್ರೈವ್‌ನಿಂದಲ್ಲ, ಅದರ ಮುಂದೆ ಕಣ್ಣಿಗೆ ಬೀಳದಂತೆ ಕೂತಿರುವ ಸುಮಾರು 100 ಎಂಬಿಯ ಇಎಫ್‌ಐ ಪಾರ್ಟಿಷನ್‌ನಿಂದ (ಪಾರ್ಟಿಷನ್ ಎಂದರೆ ಡಿಸ್ಕ್‌ನ ಒಂದು ಭಾಗ). ಅದರ ಪಕ್ಕದಲ್ಲಿ ಮೈಕ್ರೋಸಾಫ್ಟ್ ತನಗೆಂದು ಕಾದಿಟ್ಟ 16 ಎಂಬಿ, ಆಮೇಲೆ ಸಿ ಡ್ರೈವ್, ಸಾಮಾನ್ಯವಾಗಿ ಅದರ ಬೆನ್ನಿಗೇ ಒಂದು ರಿಕವರಿ ಪಾರ್ಟಿಷನ್, ಅಂದರೆ ವಿಂಡೋಸ್ ಕೆಟ್ಟಾಗ ರಿಪೇರಿಗೆ ಬೇಕಾಗುವ ಭಾಗ. ಇಷ್ಟೂ ಅದೇ ಕ್ರಮದಲ್ಲಿ ಹೊಸ ಡಿಸ್ಕ್‌ಗೆ ಹೋಗಬೇಕು. ಹೀಗೆ ಇಡೀ ಡಿಸ್ಕ್‌ನ ಪ್ರತಿ ತೆಗೆಯುವುದೇ ಕ್ಲೋನ್ ಮಾಡುವುದು.

ಕ್ಲೋನ್ ಮಾಡುವ ಕೆಲಸವನ್ನು ಸಾಫ್ಟ್‌ವೇರೇ ಮಾಡುತ್ತದೆ, ಅದರಲ್ಲಿ ಕಷ್ಟವಿಲ್ಲ. ಎಡವುವುದೆಲ್ಲ ಅದಕ್ಕಿಂತ ಮೊದಲಿನ ಅರ್ಧ ಗಂಟೆಯಲ್ಲಿ ಮತ್ತು ಹೊಸ ಡಿಸ್ಕ್‌ನಿಂದ ಮೊದಲ ಸಲ ಬೂಟ್ ಮಾಡುವಾಗ. ಹಾಗಾಗಿ ಇಲ್ಲಿ ಹೆಚ್ಚಿನ ಮಾತು ಆ ಎರಡರ ಬಗ್ಗೆಯೇ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಅಪ್‌ಡೇಟ್‌ಗಳು ಪದೇ ಪದೇ ಕೈಕೊಡುತ್ತಿದ್ದರೆ, ವೈರಸ್ ಹೊಕ್ಕ ಗುಮಾನಿ ಇದ್ದರೆ ಕ್ಲೋನ್ ಮಾಡಬೇಡಿ. ಕಾಯಿಲೆಯೂ ಹಾಗೇ ಹೊಸ ಡಿಸ್ಕ್‌ಗೆ ಬರುತ್ತದೆ. ಅಂಥ ಕಂಪ್ಯೂಟರ್‌ಗೆ ಹೊಸದಾಗಿ ವಿಂಡೋಸ್ ಹಾಕಿ, ಡೇಟಾ ಮಾತ್ರ ತಂದುಕೊಳ್ಳುವುದೇ ಸರಿ.

ಡಿಸ್ಕ್ ಕೊಳ್ಳುವ ಮುನ್ನ

ಡಬ್ಬದ ಮೇಲೆ 500 ಜಿಬಿ ಎಂದಿದ್ದರೆ ವಿಂಡೋಸ್ ತೋರಿಸುವುದು ಸುಮಾರು 465. 1 ಟಿಬಿ ಎಂದಿದ್ದರೆ 931. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಅಂಗಡಿಯವರ ಮೋಸ ಏನಿಲ್ಲ. ಈಗ 256 ಜಿಬಿ ತುಂಬಿ ತುಳುಕುತ್ತಿದ್ದರೆ 500ಕ್ಕೆ ಹೋಗುವುದಕ್ಕಿಂತ 1 ಟಿಬಿಗೇ ಹೋಗುವುದು ಒಳ್ಳೆಯದು. ಎಸ್‌ಎಸ್‌ಡಿಯನ್ನು (ತಿರುಗುವ ಭಾಗಗಳಿಲ್ಲದ, ಚಿಪ್‌ಗಳ ಡಿಸ್ಕ್) ಕಂಠಪೂರ್ತಿ ತುಂಬಿಸಿದರೆ ಬರೆಯುವ ವೇಗ ಬೀಳುತ್ತದೆ, ಒಂದಷ್ಟು ಜಾಗ ಯಾವಾಗಲೂ ಖಾಲಿ ಇರಬೇಕು.

ಯಾವ ಬಗೆಯ ಡಿಸ್ಕ್ ಹಿಡಿಸುತ್ತದೆ ಎಂಬುದನ್ನು ಲ್ಯಾಪ್‌ಟಾಪ್‌ನ ಅಥವಾ ಮದರ್‌ಬೋರ್ಡ್‌ನ ಮ್ಯಾನುಯಲ್ ನೋಡಿಯೇ ತೀರ್ಮಾನಿಸಿ. 2.5 ಇಂಚಿನ ಸಾಟಾ ಡಿಸ್ಕ್‌ಗಳು 7 ಮತ್ತು 9.5 ಮಿಮೀ ದಪ್ಪದಲ್ಲಿ ಬರುತ್ತವೆ. 7ಕ್ಕೆಂದು ಮಾಡಿದ ಜಾಗದಲ್ಲಿ 9.5 ಕೂರುವುದಿಲ್ಲ. ಎಂ.2 ಡಿಸ್ಕ್‌ನ ಮೇಲೆ 2280 ಎಂದಿದ್ದರೆ 22 ಮಿಮೀ ಅಗಲ, 80 ಮಿಮೀ ಉದ್ದ ಎಂದರ್ಥ. ಎಂ.2 ಎನ್ನುವುದು ಆಕಾರದ ಹೆಸರು ಮಾತ್ರ ಎಂಬುದನ್ನು ಮರೆಯಬೇಡಿ. ಅದೇ ಆಕಾರದಲ್ಲಿ ಸಾಟಾ ಡಿಸ್ಕೂ ಸಿಗುತ್ತದೆ, ಎನ್‌ವಿಎಂಇ ಡಿಸ್ಕೂ ಸಿಗುತ್ತದೆ. ಇವೆರಡು ಡಿಸ್ಕ್ ಕಂಪ್ಯೂಟರ್ ಜೊತೆ ಮಾತಾಡುವ ಬೇರೆ ಬೇರೆ ವಿಧಾನಗಳು. ಸ್ಲಾಟ್‌ಗೆ ಸರಿಯಾಗಿ ಹೊಕ್ಕಿತು ಎಂದ ಮಾತ್ರಕ್ಕೆ ಕೆಲಸ ಮಾಡುತ್ತದೆ ಎಂದಲ್ಲ.

ಕಂಪ್ಯೂಟರ್‌ನಲ್ಲಿ ಎರಡು ಡಿಸ್ಕ್‌ಗೆ ಜಾಗವಿಲ್ಲದಿದ್ದರೆ ಹೊಸದನ್ನು ಯುಎಸ್‌ಬಿ ಮೂಲಕ ಜೋಡಿಸಬೇಕು. ಸಾಟಾ ಡಿಸ್ಕ್‌ಗೆ ಸಾಟಾ-ಯುಎಸ್‌ಬಿ ಕೇಬಲ್, ಎಂ.2ಗೆ ಎನ್‌ಕ್ಲೋಷರ್ (ಡಿಸ್ಕ್ ಕೂರಿಸುವ ಯುಎಸ್‌ಬಿ ಡಬ್ಬಿ). ಎನ್‌ವಿಎಂಇಗೆ ಮಾತ್ರ ಎಂದಿರುವ ಎನ್‌ಕ್ಲೋಷರ್‌ನಲ್ಲಿ ಸಾಟಾ ಎಂ.2 ಕಾಣಿಸಿಕೊಳ್ಳುವುದೇ ಇಲ್ಲ. 3.5 ಇಂಚಿನ ಡೆಸ್ಕ್‌ಟಾಪ್ ಹಾರ್ಡ್ ಡಿಸ್ಕ್‌ಗೆ ಯುಎಸ್‌ಬಿ ಕೊಡುವ ವಿದ್ಯುತ್ ಸಾಲದು, ಬೇರೆ ಅಡಾಪ್ಟರ್ ಇರುವ ಡಾಕ್ ಬೇಕು. ಇವಲ್ಲದೆ 4 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪೆನ್‌ಡ್ರೈವ್ ಒಂದು, ಸಣ್ಣ ಸ್ಕ್ರೂಡ್ರೈವರ್ ಒಂದು.

ಹಳೆಯ ಡಿಸ್ಕ್‌ನಲ್ಲಿ ಮಾಡಿ ಮುಗಿಸಬೇಕಾದದ್ದು

ಮುಖ್ಯವಾದ ಫೈಲುಗಳನ್ನು ಮೂರನೆಯದೊಂದು ಜಾಗಕ್ಕೆ ಬ್ಯಾಕಪ್ ಮಾಡಿಕೊಳ್ಳಿ. ಕ್ಲೋನ್ ಮಾಡುವುದೇ ಬ್ಯಾಕಪ್ ಎಂದುಕೊಳ್ಳಬೇಡಿ. ಯಾವುದರಿಂದ ಯಾವುದಕ್ಕೆ ಎನ್ನುವುದನ್ನು ಅದಲುಬದಲು ಮಾಡಿದರೆ ಖಾಲಿ ಡಿಸ್ಕ್ ತುಂಬಿದ ಡಿಸ್ಕ್‌ನ ಮೇಲೆ ಕೂರುತ್ತದೆ, ಅಲ್ಲಿಗೆ ಮುಗಿಯಿತು.

ಡಿಸ್ಕ್‌ನ ಆರೋಗ್ಯ ನೋಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಸಾಫ್ಟ್‌ವೇರ್‌ನಲ್ಲಿ ರೀಅಲೊಕೇಟೆಡ್ ಸೆಕ್ಟರ್ಸ್, ಕರೆಂಟ್ ಪೆಂಡಿಂಗ್ ಸೆಕ್ಟರ್ಸ್ ಎಂಬ ಎರಡು ಸಾಲುಗಳ (ಕೆಟ್ಟ ಜಾಗಗಳ, ಓದಲು ತೊಡಕಾಗುತ್ತಿರುವ ಜಾಗಗಳ ಎಣಿಕೆ) ಕಚ್ಚಾ ಸಂಖ್ಯೆ ಸೊನ್ನೆ ಇರಬೇಕು. ಪೆಂಡಿಂಗ್ ಸೊನ್ನೆಗಿಂತ ಹೆಚ್ಚಿದ್ದರೆ ಕ್ಲೋನ್ ಅರ್ಧದಲ್ಲಿ ನಿಲ್ಲುವ ಸಾಧ್ಯತೆ ಹೆಚ್ಚು. ಅಂಥ ಡಿಸ್ಕ್‌ಗೆ ಸಾಮಾನ್ಯ ಕ್ಲೋನ್ ಸಾಫ್ಟ್‌ವೇರ್ ಬೇಡ. ಓದಲಾಗದ ಜಾಗವನ್ನು ಬಿಟ್ಟು ಮುಂದೆ ಹೋಗಿ, ಕೊನೆಗೆ ಅದಕ್ಕೆ ಮರಳಿ ಬರುವ ಡಿಡಿರೆಸ್ಕ್ಯೂ ಬೇಕು.

ಸೆಟ್ಟಿಂಗ್ಸ್‌ನಲ್ಲಿ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ (ಕೀ ಇಲ್ಲದೆ ಓದಲಾಗದಂತೆ ಡಿಸ್ಕ್‌ಗೆ ಬೀಗ ಹಾಕುವ ಸೌಲಭ್ಯ) ಆನ್ ಆಗಿದೆಯೇ ನೋಡಿ. ಈಚಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಯಾರೂ ಕೇಳದೆ ತಾನಾಗಿಯೇ ಆನ್ ಆಗಿರುತ್ತದೆ. ಆನ್ ಇದ್ದರೆ 48 ಅಂಕಿಗಳ ರಿಕವರಿ ಕೀಯನ್ನು ಮೊದಲು ಬೇರೆಡೆ ಬರೆದಿಟ್ಟುಕೊಳ್ಳಿ, ಆಮೇಲೆ ಪೂರ್ತಿ ಆಫ್ ಮಾಡಿ. ಬರೀ ಸಸ್ಪೆಂಡ್ ಮಾಡಿದರೆ ಸಾಲದು. ಡಿಸ್ಕ್ ಎನ್‌ಕ್ರಿಪ್ಟ್ ಆಗಿಯೇ ಉಳಿದರೆ ಹೊರಗಿನ ಸಾಫ್ಟ್‌ವೇರ್‌ಗೆ ಎಲ್ಲಿ ಡೇಟಾ ಇದೆ, ಎಲ್ಲಿ ಖಾಲಿ ಎಂಬುದೇ ತಿಳಿಯದೆ ಇಡೀ ಪಾರ್ಟಿಷನ್ ಅನ್ನು ಕಣಕಣವಾಗಿ ಕಾಪಿ ಮಾಡುತ್ತದೆ, ಆಮೇಲೆ ಅದನ್ನು ಹಿಗ್ಗಿಸಲೂ ಆಗುವುದಿಲ್ಲ. ಡೀಕ್ರಿಪ್ಟ್ ಆಗಲು ಗಂಟೆಗಟ್ಟಲೆ ಹಿಡಿಯಬಹುದು. ಮುಗಿಯುವವರೆಗೂ ಕಾಯಲೇಬೇಕು.

ನಂತರ ಸಿಸ್ಟಮ್ ಇನ್ಫರ್ಮೇಷನ್ ತೆರೆದು ಬಯೋಸ್ ಮೋಡ್ ಎಂಬ ಸಾಲು ನೋಡಿ (ಬಯೋಸ್ ಎಂದರೆ ವಿಂಡೋಸ್‌ಗಿಂತ ಮೊದಲು ಏಳುವ, ಮದರ್‌ಬೋರ್ಡ್‌ನ ಸಾಫ್ಟ್‌ವೇರ್). ಯುಇಎಫ್‌ಐ ಎಂದಿದ್ದರೆ ಚಿಂತೆಯಿಲ್ಲ, ಡಿಸ್ಕ್ ಜಿಪಿಟಿ ಪದ್ಧತಿಯದು. ಲೆಗಸಿ ಎಂದಿದ್ದರೆ ಡಿಸ್ಕ್, ಪಾರ್ಟಿಷನ್ ಪಟ್ಟಿ ಬರೆದಿಡುವ ಹಳೆಯ ಎಂಬಿಆರ್ ಪದ್ಧತಿಯದು. ಆ ಪದ್ಧತಿಗೆ 2 ಟಿಬಿಯಿಂದಾಚೆಗಿನ ಜಾಗ ಕಾಣುವುದಿಲ್ಲ. 4 ಟಿಬಿ ಡಿಸ್ಕ್ ತಂದು ಅರ್ಧ ಕಳೆದುಕೊಳ್ಳುವವರು ಇಲ್ಲೇ ಎಡವುವುದು. ವಿಂಡೋಸ್ 10ರ 1703 ಆವೃತ್ತಿಯಿಂದ ಎಂಬಿಆರ್-ಟು-ಜಿಪಿಟಿ ಎಂಬ ಸಾಧನ ವಿಂಡೋಸ್ ಜೊತೆಗೇ ಬರುತ್ತದೆ, ಡೇಟಾ ಅಳಿಸದೆ ಪದ್ಧತಿ ಬದಲಿಸುತ್ತದೆ. ಡಿಸ್ಕ್‌ನಲ್ಲಿ ಮೂರಕ್ಕಿಂತ ಹೆಚ್ಚು ಪಾರ್ಟಿಷನ್ ಇರಬಾರದು, ಬದಲಿಸಿದ ಮೇಲೆ ಬಯೋಸ್‌ನಲ್ಲೂ ಯುಇಎಫ್‌ಐಗೆ ಬದಲಿಸಬೇಕು. ಇದನ್ನು ಕ್ಲೋನ್ ಆದ ಹೊಸ ಡಿಸ್ಕ್‌ನಲ್ಲಿ ಮಾಡಿ, ಹಳೆಯದರ ತಂಟೆಗೆ ಹೋಗಬೇಡಿ.

ಇನ್ನು ರಿಕವರಿ ಪಾರ್ಟಿಷನ್. ಅದು ಸಿ ಡ್ರೈವ್‌ನ ಬೆನ್ನಿಗೇ ಕೂತಿರುವುದರಿಂದ ಕ್ಲೋನ್ ಆದ ಮೇಲೆ ಖಾಲಿ ಜಾಗವೆಲ್ಲ ಅದರಾಚೆ ಬೀಳುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಸಿ ಮೇಲೆ ರೈಟ್ ಕ್ಲಿಕ್ ಮಾಡಿದರೆ ಎಕ್ಸ್‌ಟೆಂಡ್ ವಾಲ್ಯೂಮ್ ಎಂಬ ಸಾಲು ಮಸುಕಾಗಿರುತ್ತದೆ. ಹೊಸ ಡಿಸ್ಕ್ ಕೆಟ್ಟಿದೆ ಎಂದು ವಾಪಸ್ ಕೊಡಲು ಹೊರಟವರೂ ಇದ್ದಾರೆ! ವಿಂಡೋಸ್‌ಗೆ ತಗುಲಿಕೊಂಡ ಜಾಗದತ್ತ ಮಾತ್ರ ಹಿಗ್ಗಿಸಲು ಬರುತ್ತದೆ, ನಡುವೆ ಯಾರಾದರೂ ಕೂತಿದ್ದರೆ ಬರುವುದಿಲ್ಲ. ಆ ರಿಕವರಿಯನ್ನು ಮುಂದೆ ಡಿಸ್ಕ್‌ನ ತುದಿಗೆ ಸರಿಸಬೇಕು. ಅದಕ್ಕೆ ಈಗಲೇ ಒಂದು ಸಿದ್ಧತೆ: ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ರೀಏಜೆಂಟ್‌ಸಿ ಕಮಾಂಡ್ ಅನ್ನು ಡಿಸೇಬಲ್ ಎಂಬ ಸೂಚನೆಯೊಂದಿಗೆ ಕೊಡಿ. ಜಾಗ ಬದಲಾದರೆ ವಿಂಡೋಸ್‌ಗೆ ರಿಕವರಿ ಸಿಗುವುದಿಲ್ಲ. ಹೀಗೆ ಮೊದಲೇ ಆಫ್ ಮಾಡಿದರೆ ಆಮೇಲೆ ಅದೇ ಕಮಾಂಡ್‌ಗೆ ಎನೇಬಲ್ ಕೊಟ್ಟು ಸಲೀಸಾಗಿ ಮರಳಿ ಜೋಡಿಸಬಹುದು.

ಕೊನೆಗೆ ಶಿಫ್ಟ್ ಕೀ ಒತ್ತಿಹಿಡಿದು ಶಟ್ ಡೌನ್ ಮಾಡಿ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಮಾಮೂಲಿ ಶಟ್ ಡೌನ್‌ನಲ್ಲಿ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳದೆ ಅರ್ಧ ನಿದ್ದೆಯಲ್ಲಿರುತ್ತದೆ, ಆ ಸ್ಥಿತಿಯ ಡಿಸ್ಕ್‌ಗೆ ಕ್ಲೋನ್ ಸಾಫ್ಟ್‌ವೇರ್ ಎರರ್ ಕೊಡುತ್ತದೆ.

ಕ್ಲೋನ್

ಹಲವು ಎಸ್‌ಎಸ್‌ಡಿ ತಯಾರಕರು ತಮ್ಮದೇ ಸಾಫ್ಟ್‌ವೇರ್ ಕೊಡುತ್ತಾರೆ. ವಿಂಡೋಸ್ ಒಳಗಿಂದಲೇ ನಡೆಯುತ್ತದೆ, ಸುಲಭ. ಆದರೆ ಸಾಮಾನ್ಯವಾಗಿ ಅವರದೇ ಡಿಸ್ಕ್ ಇದ್ದರೆ ಮಾತ್ರ. ಯಾವ ಡಿಸ್ಕ್‌ಗೂ ಒಗ್ಗುವಂಥದ್ದು, ಉಚಿತವಾದದ್ದು ಎಂದರೆ ರೆಸ್ಕ್ಯೂಜಿಲ್ಲಾ. ಕ್ಲೋನ್‌ಜಿಲ್ಲಾ ಕೂಡ ಇದೆ, ಗಟ್ಟಿ ಸಾಧನ, ಆದರೆ ಅದರ ಪ್ರಶ್ನೆಗಳ ಸಾಲು ಹೊಸಬರನ್ನು ಗಾಬರಿಪಡಿಸುತ್ತದೆ. ರೆಸ್ಕ್ಯೂಜಿಲ್ಲಾದಲ್ಲಿ ಮೌಸ್‌ನಿಂದ ಕೆಲಸವಾಗುತ್ತದೆ, ಪಾರ್ಟಿಷನ್ ಸರಿಸುವ ಜಿಪಾರ್ಟೆಡ್ ಅದರೊಳಗೇ ಇದೆ.

ರೆಸ್ಕ್ಯೂಜಿಲ್ಲಾದ ಐಎಸ್‌ಓ ಫೈಲನ್ನು (ಇಡೀ ಸಾಫ್ಟ್‌ವೇರ್ ಇರುವ ಒಂದೇ ಫೈಲು) ರೂಫಸ್ ಅಥವಾ ಬಲೀನಾ ಎಚರ್‌ನಿಂದ ಪೆನ್‌ಡ್ರೈವ್‌ಗೆ ಬರೆಯಿರಿ, ಹೊಸ ಡಿಸ್ಕ್ ಜೋಡಿಸಿ, ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ. ಲ್ಯಾಪ್‌ಟಾಪ್‌ಗೆ ಚಾರ್ಜರ್ ಹಾಕಿರಲಿ. ಕ್ಲೋನ್ ಆಯ್ದುಕೊಂಡು ಮೊದಲು ಮೂಲ ಡಿಸ್ಕ್, ಆಮೇಲೆ ಗುರಿ ಡಿಸ್ಕ್ ತೋರಿಸಿ. ಇಲ್ಲಿ ಒಂದು ನಿಮಿಷ ನಿಲ್ಲಿ. ರೆಸ್ಕ್ಯೂಜಿಲ್ಲಾ ಓಡುವುದು ಲಿನಕ್ಸ್‌ನಲ್ಲಿ. ಲಿನಕ್ಸ್ ಡಿಸ್ಕ್‌ಗೆ ಕೊಡುವ ಹೆಸರು ನಂಬಬೇಡಿ, ಅದು ಜೋಡಿಸಿದ ಕ್ರಮದ ಮೇಲೆ ಬದಲಾಗುತ್ತದೆ. ಮಾಡೆಲ್ ಹೆಸರು ಮತ್ತು ಗಾತ್ರ ಎರಡನ್ನೂ ಓದಿ. ಮೂಲದ ಸಾಲಿನಲ್ಲಿ ಪಾರ್ಟಿಷನ್‌ಗಳು ಕಾಣುತ್ತಿರಬೇಕು, ಹೊಸ ಡಿಸ್ಕ್‌ನಲ್ಲಿ ಏನೂ ಇರಬಾರದು. ಎಲ್ಲ ಪಾರ್ಟಿಷನ್‌ಗಳೂ ಟಿಕ್ ಆಗಿರಲಿ.

ಸಮಯ ಇಷ್ಟೇ ಎಂದು ಹೇಳಲಾಗದು, ಅಂದಾಜು ಮಾಡಬಹುದು. ಬಳಸಿದ ಜಾಗವನ್ನಷ್ಟೇ ಕಾಪಿ ಮಾಡುವುದರಿಂದ, ಹಳೆಯ ಹಾರ್ಡ್ ಡಿಸ್ಕ್ ಸೆಕೆಂಡಿಗೆ 100 ಎಂಬಿ ಓದಿದರೆ 120 ಜಿಬಿಗೆ ಸುಮಾರು 20 ನಿಮಿಷ. ಅದೇ ಯುಎಸ್‌ಬಿ 2 ಪೋರ್ಟ್‌ಗೆ ಚುಚ್ಚಿದ್ದರೆ ಒಂದು ಗಂಟೆ ದಾಟುತ್ತದೆ. ಹೇಳಿದ್ದಕ್ಕಿಂತ ತೀರಾ ನಿಧಾನ ಅನಿಸಿದರೆ ಮೊದಲು ಪೋರ್ಟ್ ನೋಡಿ.

ಮುಗಿದ ಮೇಲೆ ಅಲ್ಲೇ ಜಿಪಾರ್ಟೆಡ್ ತೆರೆದು ಹೊಸ ಡಿಸ್ಕ್ ಆಯ್ದುಕೊಳ್ಳಿ. ಡಿಸ್ಕ್‌ನ ಎಲ್ಲ ಜಾಗ ಬಳಕೆಯಾಗಿಲ್ಲ, ಸರಿಪಡಿಸಲೇ ಎಂದು ಕೇಳಬಹುದು. ಜಿಪಿಟಿ ಪದ್ಧತಿಯಲ್ಲಿ ಪಾರ್ಟಿಷನ್ ಪಟ್ಟಿಯ ಎರಡನೆಯ ಪ್ರತಿ ಡಿಸ್ಕ್‌ನ ಕಟ್ಟಕಡೆಯಲ್ಲಿರಬೇಕು. ಚಿಕ್ಕ ಡಿಸ್ಕ್‌ನಿಂದ ಬಂದ ಪ್ರತಿ ನಡುವೆಲ್ಲೋ ಬಿದ್ದಿದ್ದರೆ ಹೀಗೆ ಕೇಳುತ್ತದೆ. ಫಿಕ್ಸ್ ಒತ್ತಿ. ಆಮೇಲೆ ರಿಕವರಿ ಪಾರ್ಟಿಷನ್ ಅನ್ನು ಬಲತುದಿಗೆ ಎಳೆದು ಬಿಡಿ, ಗಾತ್ರ ಬದಲಿಸಬೇಡಿ. ನಂತರ ಸಿ ಡ್ರೈವ್‌ನ ಬಲ ಅಂಚನ್ನು ರಿಕವರಿಗೆ ತಾಗುವವರೆಗೆ ಹಿಗ್ಗಿಸಿ. ಎಡ ಅಂಚನ್ನು ಮುಟ್ಟಬೇಡಿ. ಹಸಿರು ಟಿಕ್ ಒತ್ತಿದ ಮೇಲೆಯೇ ಕೆಲಸ ನಿಜಕ್ಕೂ ನಡೆಯುವುದು. ನಡುವೆ ಕರೆಂಟ್ ಹೋದರೂ ಹಳೆಯ ಡಿಸ್ಕ್ ಹಾಗೇ ಇದೆ, ಇನ್ನೊಮ್ಮೆ ಕ್ಲೋನ್ ಮಾಡಿದರಾಯಿತು.

ಮೊದಲ ಬೂಟ್

ಕಂಪ್ಯೂಟರ್ ಆಫ್ ಮಾಡಿ, ಚಾರ್ಜರ್ ತೆಗೆದು, ಒಳಗಿನ ಬ್ಯಾಟರಿಯ ಕನೆಕ್ಟರ್ ಬಿಡಿಸಿ, ಲೋಹವೊಂದನ್ನು ಮುಟ್ಟಿ ಮೈಯಲ್ಲಿನ ಸ್ಟಾಟಿಕ್ ಕಳೆದುಕೊಳ್ಳಿ. ಎಂ.2 ಡಿಸ್ಕ್ ಅನ್ನು ಸುಮಾರು 30 ಡಿಗ್ರಿ ಓರೆಯಾಗಿ ಹಿಡಿದು ಸ್ಲಾಟ್‌ಗೆ ತಳ್ಳಬೇಕು. ಸರಿಯಾಗಿ ಕೂತರೆ ಚಿನ್ನದ ಬಣ್ಣದ ಹಲ್ಲುಗಳು ಬಹುತೇಕ ಮರೆಯಾಗುತ್ತವೆ, ಕೈ ಬಿಟ್ಟರೆ ಇನ್ನೊಂದು ತುದಿ ಸ್ವಲ್ಪ ಮೇಲೆದ್ದೇ ನಿಲ್ಲುತ್ತದೆ. ಆ ತುದಿಯನ್ನು ಬೆರಳಿನಿಂದ ಒತ್ತಿಹಿಡಿದು ಸ್ಕ್ರೂ ಹಾಕಿ. ಬಿಗಿ ಹಿಡಿದ ಕೂಡಲೇ ನಿಲ್ಲಿಸಿ.

ಹಳೆಯ ಡಿಸ್ಕ್ ಒಳಗಾಗಲಿ, ಯುಎಸ್‌ಬಿಯಲ್ಲಾಗಲಿ ಇರಬಾರದು. ಕ್ಲೋನ್ ಆದ ಎರಡೂ ಡಿಸ್ಕ್‌ಗಳ ಗುರುತಿನ ಸಂಖ್ಯೆ ಒಂದೇ ಆಗಿರಬಹುದು. ಎರಡನ್ನೂ ಒಟ್ಟಿಗೆ ಕಂಡರೆ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡುತ್ತದೆ, ಅಥವಾ ಹೊಸದರಿಂದ ಎದ್ದಂತೆ ಕಂಡರೂ ಸಿ ಎಂದು ಹಳೆಯದನ್ನೇ ಹಿಡಿದುಕೊಂಡಿರುತ್ತದೆ. ಮೊದಲ ಸಲ ಕಪ್ಪು ಪರದೆಯಲ್ಲಿ ಡಿಸ್ಕ್ ಪರೀಕ್ಷೆ ನಡೆದರೆ ಹೆದರಬೇಡಿ, ಜಿಪಾರ್ಟೆಡ್ ಗಾತ್ರ ಬದಲಿಸಿದ್ದಕ್ಕೆ ಅದು ಸಹಜ.

ಬೂಟ್ ಡಿಸ್ಕೇ ಇಲ್ಲ ಎಂದರೆ ಬಯೋಸ್‌ಗೆ ಹೋಗಿ ಬೂಟ್ ಪಟ್ಟಿಯಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಇದೆಯೇ ನೋಡಿ, ಇದ್ದರೆ ಮೇಲಕ್ಕೆ ತನ್ನಿ. ಇಲ್ಲದಿದ್ದರೆ ವಿಂಡೋಸ್ ಇನ್‌ಸ್ಟಾಲ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಸ್ಟಾರ್ಟಪ್ ರಿಪೇರ್ ಓಡಿಸಿ. ಅದಕ್ಕೂ ಬಗ್ಗದಿದ್ದರೆ ಅಲ್ಲಿನ ಕಮಾಂಡ್ ಪ್ರಾಂಪ್ಟ್‌ನಿಂದ ಬಿಸಿಡಿಬೂಟ್ ಕಮಾಂಡ್ ಇಎಫ್‌ಐ ಪಾರ್ಟಿಷನ್‌ಗೆ ಬೂಟ್ ಫೈಲುಗಳನ್ನು ಹೊಸದಾಗಿ ಬರೆಯುತ್ತದೆ.

ನೀಲಿ ಪರದೆಯಲ್ಲಿ ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್ ಎಂದು ಬಂದರೆ ಕಥೆ ಬೇರೆ. ಸಾಟಾದಿಂದ ಎನ್‌ವಿಎಂಇಗೆ ಹೋದಾಗ ಇದು ಹೆಚ್ಚು. ಹಳೆಯ ವಿಂಡೋಸ್‌ಗೆ ಎನ್‌ವಿಎಂಇ ಡ್ರೈವರ್ ಬೂಟ್ ಹೊತ್ತಿಗೇ ಬೇಕು ಎಂಬ ಅಭ್ಯಾಸವಿರುವುದಿಲ್ಲ. ಸೇಫ್ ಮೋಡ್‌ನಲ್ಲಿ ಒಮ್ಮೆ ಎಬ್ಬಿಸಿದರೆ ಡ್ರೈವರ್ ಎತ್ತಿಕೊಳ್ಳುತ್ತದೆ, ಮುಂದಿನ ಸಲದಿಂದ ಸರಿಹೋಗುತ್ತದೆ. ಬಯೋಸ್‌ನಲ್ಲಿ ಎಎಚ್‌ಸಿಐ, ರೇಡ್, ವಿಎಂಡಿ ಎಂಬ ಆಯ್ಕೆಗಳು ಮೊದಲು ಹೇಗಿದ್ದವೋ ಹಾಗೇ ಇರಲಿ. ಅವನ್ನು ಬದಲಿಸಿದರೂ ಇದೇ ಪರದೆ ಬರುತ್ತದೆ.

ಯುಎಸ್‌ಬಿ ಡಾಕ್‌ನಲ್ಲಿದ್ದಾಗ ಎಲ್ಲ ಸರಿಯಿದ್ದು, ಒಳಗೆ ಹಾಕಿದ ಮೇಲೆ ಡಿಸ್ಕ್ ಖಾಲಿ ಎಂದು ತೋರಿಸಿದರೆ ತಪ್ಪು ಡಾಕ್‌ನದು. ಕೆಲವು ಡಾಕ್‌ಗಳು 512 ಬೈಟ್ ಸೆಕ್ಟರನ್ನು (ಡಿಸ್ಕ್‌ನ ಅತಿ ಸಣ್ಣ ತುಣುಕು) 4096 ಎಂದು ಹೇಳಿ ಕೊಡುತ್ತವೆ, ನೇರ ಜೋಡಿಸಿದಾಗ ಲೆಕ್ಕ ತಪ್ಪುತ್ತದೆ. ಹೊಸ ಡಿಸ್ಕ್ ಒಳಗೆ, ಹಳೆಯದು ಡಾಕ್‌ನಲ್ಲಿ ಎಂದು ಅದಲುಬದಲು ಮಾಡಿದರೂ ಲೆಕ್ಕ ಕೂಡುವುದಿಲ್ಲ. ಬೇರೆ ಕೇಬಲ್ ಅಥವಾ ಬೇರೆ ಡಾಕ್ ಹಿಡಿದು ಕ್ಲೋನ್ ಮತ್ತೆ ಮಾಡಬೇಕು.

ಲಿನಕ್ಸ್ ಇದ್ದರೆ ಇದೇ ದಾರಿ, ತಲೆನೋವು ಕಡಿಮೆ. ಪಾರ್ಟಿಷನ್‌ನ ಗುರುತಿನ ಸಂಖ್ಯೆಯಾದ ಯುಯುಐಡಿ ಕ್ಲೋನ್‌ನಲ್ಲೂ ಅದೇ ಇರುವುದರಿಂದ, ಪಾರ್ಟಿಷನ್‌ಗಳ ಪಟ್ಟಿ ಇರುವ ಎಫ್‌ಎಸ್‌ಟ್ಯಾಬ್ ಫೈಲನ್ನು ತಿದ್ದಬೇಕಿಲ್ಲ. ಆದರೆ ಎರಡೂ ಡಿಸ್ಕ್ ಒಟ್ಟಿಗಿಟ್ಟು ಬೂಟ್ ಮಾಡಬೇಡಿ, ಬಿಟಿಆರ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಇದ್ದರಂತೂ ಖಂಡಿತ ಬೇಡ.

ವಿಂಡೋಸ್ ಸರಿಯಾಗಿ ಎದ್ದ ಮೇಲೆ ರೀಏಜೆಂಟ್‌ಸಿಗೆ ಎನೇಬಲ್ ಕೊಡಿ, ಬಿಟ್‌ಲಾಕರ್ ಬೇಕಿದ್ದರೆ ಮತ್ತೆ ಆನ್ ಮಾಡಿ ಹೊಸ ಕೀ ಬರೆದಿಟ್ಟುಕೊಳ್ಳಿ. ಆಪ್ಟಿಮೈಜ್ ಡ್ರೈವ್ಸ್‌ನಲ್ಲಿ ಹೊಸ ಡಿಸ್ಕ್ ಸಾಲಿಡ್ ಸ್ಟೇಟ್ ಡ್ರೈವ್ ಎಂದು ತೋರಿಸುತ್ತಿರಬೇಕು. ಆಕ್ಟಿವೇಷನ್ ಮುಖ್ಯವಾಗಿ ಮದರ್‌ಬೋರ್ಡ್‌ಗೆ ಅಂಟಿಕೊಂಡಿರುವುದರಿಂದ ಡಿಸ್ಕ್ ಬದಲಿಸಿದ್ದಕ್ಕೆ ಸಾಮಾನ್ಯವಾಗಿ ಹೋಗುವುದಿಲ್ಲ. ಹಳೆಯ ಡಿಸ್ಕ್ ಅನ್ನು ಎರಡು ವಾರವಾದರೂ ಮುಟ್ಟದೆ ಎತ್ತಿಡಿ. ಆಮೇಲೆ ಡೇಟಾಗೆ ಬಳಸುವುದಾದರೆ, ಕಂಪ್ಯೂಟರ್ ಪೂರ್ತಿ ಎದ್ದ ನಂತರ ಯುಎಸ್‌ಬಿಗೆ ಚುಚ್ಚಿ, ಡಿಸ್ಕ್‌ಪಾರ್ಟ್‌ನ ಕ್ಲೀನ್ ಕಮಾಂಡ್‌ನಿಂದ ಎಲ್ಲ ಪಾರ್ಟಿಷನ್‌ಗಳನ್ನೂ ತೆಗೆಯಿರಿ. ಸಿ ಅನ್ನು ಮಾತ್ರ ಫಾರ್ಮ್ಯಾಟ್ ಮಾಡಿದರೆ ಅದರ ಇಎಫ್‌ಐ ಪಾರ್ಟಿಷನ್ ಉಳಿದುಕೊಂಡು, ಮುಂದೊಂದು ದಿನ ಬಯೋಸ್ ಅದನ್ನೇ ಬೂಟ್ ಡಿಸ್ಕ್ ಎಂದು ಹಿಡಿದುಕೊಳ್ಳಬಹುದು.