ಕಡಿಮೆ ಖರ್ಚಲ್ಲಿ ಮದುವೆ ಗೌನ್ ಹೊಲಿಸಿಕೊಂಡೆ: ಎಲ್ಲಿ ಉಳಿಸಿದೆ, ಎಲ್ಲಿ ಎಡವಿದೆ

ರೆಡಿಮೇಡ್ ಗೌನ್‌ಗಳಲ್ಲಿ ಕಣ್ಣಿಗೆ ಹಿಡಿಸಿದ್ದು ಕೈಗೆಟುಕುತ್ತಿರಲಿಲ್ಲ, ಕೈಗೆಟುಕಿದ್ದು ಮೈಗೆ ಕೂರುತ್ತಿರಲಿಲ್ಲ. ಭುಜಕ್ಕೆ ಸರಿಹೋದರೆ ಸೊಂಟದಲ್ಲಿ ಬಿಗಿ. ಅದನ್ನು ತಂದು ಮತ್ತೆ ಬಿಚ್ಚಿ ಹೊಲಿಸುವ ಬದಲು ಹೊಸದಾಗಿ ಹೊಲಿಸುವುದೇ ವಾಸಿ ಅನ್ನಿಸಿತು.

ಮೊದಲ ತಪ್ಪನ್ನು ನಾನೇ ಮಾಡಿದೆ. ಟೈಲರ್‌ನ ಒಂದು ಮಾತೂ ಕೇಳದೆ, ರಿಯಾಯಿತಿಯಲ್ಲಿ ಸಿಕ್ಕಿತು ಅಂತ ಐದು ಮೀಟರ್ ಬಿಳಿ ಸ್ಯಾಟಿನ್ ತಂದುಬಿಟ್ಟೆ. ಅವರು ಅದನ್ನು ಮೇಜಿನ ಮೇಲೆ ಹಾಸಿ, ಟೇಪ್ ಹಿಡಿದು, "ಪನ್ನ, ಅಂದರೆ ಬಟ್ಟೆಯ ಅಗಲ, 44 ಇಂಚು ಅಷ್ಟೇ ಇದೆಯಲ್ಲ, ನಿಮಗೆ ಬೇಕಾದ ಸ್ಕರ್ಟಿನ ಘೇರು ಇದರಲ್ಲಿ ಬರಲ್ಲ" ಅಂದರು. ಅದೂ ಅಲ್ಲದೆ ಸ್ಯಾಟಿನ್‌ನ ಎಲ್ಲ ತುಂಡುಗಳನ್ನೂ ಒಂದೇ ದಿಕ್ಕಿಗೆ ಇಟ್ಟು ಕತ್ತರಿಸಬೇಕಂತೆ, ಇಲ್ಲದಿದ್ದರೆ ಬೆಳಕು ಬಿದ್ದಾಗ ಒಂದು ತುಂಡು ಹೊಳೆದು ಪಕ್ಕದ್ದು ಮಂಕಾಗಿ ಕಾಣುತ್ತದೆ, ಹಾಗಾಗಿ ಬಟ್ಟೆ ಇನ್ನೂ ಜಾಸ್ತಿ ಬೇಕು. ವಾಪಸ್ ಓಡಿದರೆ ಆ ಥಾನು ಖಾಲಿ. ಬೇರೆ ಥಾನಿನ ಬಿಳಿ ಬೇರೆಯೇ ಬಿಳಿ! ಕೊನೆಗೆ 58 ಇಂಚು ಪನ್ನದ ಪಾಲಿಯೆಸ್ಟರ್ ಕ್ರೇಪ್ ತಂದೆವು, ಸ್ಯಾಟಿನ್ ಒಳಗಿನ ಲೈನಿಂಗ್ ಆಯಿತು. ಮೈಗೆ ನುಣುಪಾಗಿ ಇತ್ತು ಅನ್ನಿ, ಆದರೆ ಅಷ್ಟು ಚಂದದ ಬಟ್ಟೆ ಯಾರಿಗೂ ಕಾಣದ ಕಡೆ ಹೋಯಿತು. ಸ್ಯಾಟಿನ್ ಅಂದರೆ ರೇಷ್ಮೆ ಅಂತ ನಾನು ಅಂದುಕೊಂಡಿದ್ದೆ. ಅದು ನೇಯ್ಗೆಯ ಹೆಸರು, ಪಾಲಿಯೆಸ್ಟರ್‌ನಲ್ಲೂ ಇರುತ್ತದೆ, ಅದೂ ಆಮೇಲೆ ಗೊತ್ತಾಗಿದ್ದು.

ಇನ್ನು ಕೂಲಿ. ಒಟ್ಟು ಮೊತ್ತ ಕೇಳಿ ಎದೆ ಧಸಕ್ಕೆಂದಿತು. ಚೌಕಾಸಿಗೆ ಇಳಿಯುವ ಬದಲು, "ಯಾವ ಕೆಲಸಕ್ಕೆ ಎಷ್ಟು ಬಿಡಿಸಿ ಹೇಳಿ" ಅಂದೆ. ನಾನು ಮಾಡಿದ ಬುದ್ಧಿವಂತಿಕೆ ಅಂದರೆ ಅದೊಂದೇ ಇರಬೇಕು. ಅರ್ಧಕ್ಕಿಂತ ಜಾಸ್ತಿ ಹಣ ಮಣಿ ಕೆಲಸಕ್ಕೆ ಹೋಗುತ್ತಿತ್ತು, ಬಟ್ಟೆಗಾಗಲಿ ಹೊಲಿಗೆಗಾಗಲಿ ಅಲ್ಲ. ಮಣಿ ಬೇಡ ಅಂದೆ. ಒಂದು ಮೀಟರ್ ಲೇಸ್ ಬಟ್ಟೆ ತಂದು, ಅದರ ಹೂಗಳನ್ನು ಒಂದೊಂದಾಗಿ ಕತ್ತರಿಸಿ, ಕತ್ತಿನ ಸುತ್ತ ಮತ್ತು ತೋಳಿನ ತುದಿಗೆ ನಾನೇ ಕೈಯಲ್ಲಿ ಹೊಲಿದೆ. ಮೂರು ವಾರಾಂತ್ಯ ಹಿಡಿಯಿತು, ಬೆರಳ ತುದಿಯೆಲ್ಲ ತೂತು. ಬೆನ್ನಿಗೆ ಸಾಲು ಗುಂಡಿ ಬೇಕೇ ಬೇಕು ಅಂತ ಹಟ ಇತ್ತು. ಅದಕ್ಕೆ ಒಂದೊಂದೇ ಬಟ್ಟೆಯ ಕುಣಿಕೆ ಮಾಡಬೇಕು, ಅದು ದುಬಾರಿ. ಟೈಲರ್ ಕಾಣದ ಜಿಪ್ ಹಾಕಿ, ಗುಂಡಿಗಳನ್ನು ಪಕ್ಕದಲ್ಲಿ ಸುಮ್ನೆ ಶೋಕಿಗೆ ಹೊಲಿದುಕೊಟ್ಟರು. ಹಿಂದೆ ಎಳೆದಾಡುವ ಉದ್ದ ಬಾಲವನ್ನೂ ಬಿಟ್ಟೆ, ಮೇಲಿನ ಬಟ್ಟೆಯ ಜೊತೆ ಲೈನಿಂಗೂ ಉಳಿಯಿತು.

ಉಳಿಸಲು ಹೋಗಿ ಕೈಬಿಡಬಾರದ್ದು ಅಂದರೆ ಸ್ಯಾಂಪಲ್. ಅಗ್ಗದ ಕಾಟನ್‌ನಲ್ಲಿ ಮೊದಲು ಮೇಲ್ಭಾಗ ಹೊಲಿದು ನೋಡುತ್ತೇವೆ, ಅದಕ್ಕೆ ಬೇರೆ ಕೂಲಿ ಅಂತ ಟೈಲರ್ ಅಂದಾಗ ಬೇಡ ಅನ್ನುವವಳಿದ್ದೆ. ಹಾಕಿಕೊಂಡು ಸುಮ್ಮನೆ ಕನ್ನಡಿ ಮುಂದೆ ನಿಂತರೆ ಎಲ್ಲ ಸರಿಯೇ ಕಾಣುತ್ತದೆ. ಕೂತೆ, ಬಗ್ಗಿದೆ, ಯಾರನ್ನೋ ತಬ್ಬಿಕೊಳ್ಳುವ ಹಾಗೆ ಎರಡೂ ಕೈ ಚಾಚಿದೆ. ಆಗ ಕಂಕುಳಲ್ಲಿ ಹಿಡಿಯಿತು, ಬಗ್ಗಿದರೆ ಕತ್ತು ಬಾಯಿ ತೆರೆಯಿತು. ಅಲ್ಲೇ ಪೆನ್ನಲ್ಲಿ ಗೆರೆ ಎಳೆದು, ಕತ್ತರಿ ಹಾಕಿ ಸರಿಮಾಡಿದರು. ಇದೇ ತಪ್ಪು ನಿಜವಾದ ಬಟ್ಟೆಯಲ್ಲಿ ಆಗಿದ್ದರೆ? ಕತ್ತರಿಸಿದ್ದನ್ನು ಕೂಡಿಸಲು ಆಗುತ್ತದಾ!

ಎರಡನೇ ಟ್ರಯಲ್‌ಗೆ ಬೇರೆ ಬ್ರಾ ಹಾಕಿಕೊಂಡು ಹೋಗಿ ಇನ್ನೊಂದು ಎಡವಟ್ಟು ಮಾಡಿದೆ. ಅಳತೆ ಕೊಟ್ಟಾಗ ಹಾಕಿದ್ದು ಒಂದು, ಈಗ ಇನ್ನೊಂದು, ಎದೆಯ ಆಕಾರಕ್ಕೆ ಬಟ್ಟೆ ಮಡಚಿ ಹೊಲಿದ ಟಕ್ಸ್ ಪೂರ್ತಿ ಕೆಳಗೆ ಕೂತಿತ್ತು. ಬೈಸಿಕೊಂಡೆ, ಸರಿಯಾಗೇ ಬೈದರು. ಕೊನೆಗೆ ಒಳಗೇ ಕಪ್ ಇಟ್ಟು ಹೊಲಿದರು. ಚಪ್ಪಲಿಯದ್ದೂ ಇದೇ ಕಥೆ, ಹಿಮ್ಮಡಿ ಎಷ್ಟು ಎತ್ತರ ಅಂತ ತೀರ್ಮಾನ ಆಗದೆ ಕೆಳಗಿನ ಅಂಚು ಮಡಚಲು ಆಗುವುದಿಲ್ಲ. ನನ್ನ ಸ್ಕರ್ಟ್ ಓರೆಯಾಗಿ ಕತ್ತರಿಸಿದ್ದು, ಅಂಥದ್ದು ಭಾರಕ್ಕೆ ಜಗ್ಗುತ್ತದೆ. ಅದಕ್ಕೇ ಎರಡು ದಿನ ನೇತುಹಾಕಿ, ಜಗ್ಗುವಷ್ಟು ಜಗ್ಗಿದ ಮೇಲೆ ಅಂಚು ಸಮ ಮಾಡಿದರು.

ಐದು ತಿಂಗಳು ಮೊದಲೇ ಶುರು ಮಾಡಿದ್ದರೂ ಕೊನೆ ವಾರದ ಗಡಿಬಿಡಿ ತಪ್ಪಲಿಲ್ಲ. ಮದುವೆಗೆ ನಾಲ್ಕು ದಿನ ಇದೆ ಅನ್ನುವಾಗ ಜಿಪ್ ಸೊಂಟದ ಹತ್ತಿರ ನಿಂತುಬಿಟ್ಟಿತು. ತಿಂದದ್ದು ನಾನೇ, ಯಾರನ್ನು ಬೈಯಲಿ? ಟೈಲರ್ ಏನೂ ಮಾತಾಡದೆ ಗೌನ್ ತಿರುವಿ, ಪಕ್ಕದ ಹೊಲಿಗೆಗಳಲ್ಲಿ ಮೊದಲೇ ಬಿಟ್ಟಿದ್ದ ಒಂದೊಂದು ಇಂಚು ಬಟ್ಟೆ ತೋರಿಸಿದರು. ಅರ್ಧರ್ಧ ಇಂಚು ಬಿಚ್ಚಿದ್ದಕ್ಕೆ ಜಿಪ್ ಸಲೀಸಾಗಿ ಮೇಲೆ ಹೋಯಿತು. ಉಳಿದರ್ಧ ಈಗಲೂ ಒಳಗೆ ಹಾಗೇ ಇದೆ.